ಅಡ್ಡಗಾಳಿಯ ಮೇಷ್ಟ್ರು

ಮನೆ ಮುಂದೆ ಸ್ಕೂಟರನ್ನು ನೆಟ್ಟಗೆ ನಿಲ್ಲಿಸಲು ಬಾರದ ನಮ್ಮ ಭಾವ, ಎಂಥ ಗಾಳಿಯಲ್ಲೂ ವಿಮಾನವನ್ನು ಗೆರೆ ಎಳೆದ ಹಾಗೆ ಇಳಿಸುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವರು ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಊರಿನವರ ಬಾಯಲ್ಲಿ ಅವರ ಕಾಯಿಲೆಯೊಂದೇ ಉಳಿದಿದೆ. ‘ಅಯ್ಯೋ ಪಾಪ, ಆ ಪೈಲಟ್ಟಾ’ ಎನ್ನುತ್ತಾರೆ. ಪಾಪ ಅನ್ನಿಸಿಕೊಳ್ಳುವ ಜಾತಿಯ ಮನುಷ್ಯನೇ ಅಲ್ಲ ಅವರು. ಶುದ್ಧ ಜಂಬದ ಕೋಳಿ. ಯಾರಾದರೂ ಹೊಗಳಿದರೆ ಬೇಡ ಬೇಡ ಎನ್ನುವ ಶಾಸ್ತ್ರ ಕೂಡ ಮಾಡುತ್ತಿರಲಿಲ್ಲ, ‘ಹೌದು, ಚೆನ್ನಾಗೇ ಇಳಿಸಿದೆ’ ಎಂದು ಒಪ್ಪಿಕೊಂಡು ಮುಂದಿನ ಮಾತಿಗೆ ಹೋಗುತ್ತಿದ್ದರು.

ನಾನು ಅವರ ನಾದಿನಿ. ವಿಮಾನ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ, ನಿಲ್ದಾಣದವರ ಸಮವಸ್ತ್ರವೆಲ್ಲ ನನ್ನ ಕೈಯಲ್ಲೇ ಆಗುವುದು. ಅಕ್ಕನ ಮದುವೆಗೆ ಭಾವನ ಕೋಟು ಹೊಲಿಯುವಾಗ ತೋಳಿನ ಉದ್ದದ ವಿಷಯಕ್ಕೆ ನಾನು ಅವರ ಜೊತೆ ಜಗಳಕ್ಕೆ ನಿಂತಿದ್ದೆ. ಅವತ್ತಿನಿಂದ ನನಗೆ ‘ವಕೀಲಮ್ಮ’ ಎಂದು ಹೆಸರಿಟ್ಟರು. ತೋಳು ನಾನು ಹೇಳಿದಷ್ಟೇ ಉದ್ದ ಇರಬೇಕಿತ್ತು, ಅದು ಬೇರೆ ಮಾತು.

ಭಾವನ ತಂದೆ ಇದೇ ನಿಲ್ದಾಣದಲ್ಲಿ ಬೆಂಕಿ ಆರಿಸುವ ಗಾಡಿಯ ಡ್ರೈವರ್ ಆಗಿದ್ದರು. ಗಾಳಿ ಜೋರಾದ ದಿನ ರನ್‌ವೇ ಪಕ್ಕದಲ್ಲಿ ಗಾಡಿ ಚಾಲೂ ಇಟ್ಟುಕೊಂಡು, ಏನೂ ಆಗದಿರಲಿ ಎಂದು ಕಾಯುವುದು ಅವರ ಕೆಲಸ. ಒಂದು ಸಲ ಓರೆಯಾಗಿ ನೆಲಕ್ಕೆ ಬಡಿದ ವಿಮಾನದಿಂದ ಜನರನ್ನು ಎಳೆದು ಹಾಕಿ ಬಂದವರು ಎಷ್ಟೋ ದಿನ ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲವಂತೆ. ಪೈಲಟ್ ಆಗಬೇಕು, ಅದೂ ಗಾಳಿಯಲ್ಲಿ ಇಳಿಸುವ ಪೈಲಟ್ ಆಗಬೇಕು ಎಂಬ ಹಟ ಭಾವನಿಗೆ ಆಗಲೇ ಹಿಡಿದದ್ದು.

ನಮ್ಮ ರನ್‌ವೇಯನ್ನು ಯಾವ ಪುಣ್ಯಾತ್ಮ ಅಳೆದು ಹಾಕಿದನೋ, ಗಾಳಿ ಯಾವಾಗಲೂ ಅದಕ್ಕೆ ಅಡ್ಡಲಾಗಿಯೇ ಬೀಸುತ್ತದೆ. ಅಡ್ಡಗಾಳಿಯಲ್ಲಿ ಇಳಿಸುವ ವಿದ್ಯೆಯನ್ನು ಭಾವ ನನ್ನ ಅಂಗಡಿಯ ಮೇಜಿನ ಮೇಲೆ ಕತ್ತರಿ ಇಟ್ಟು ತೋರಿಸಿದ್ದರು. ಗಾಳಿ ಬಲಗಡೆಯಿಂದ ಬಂದರೆ ವಿಮಾನ ಮೂಗನ್ನು ಬಲಕ್ಕೆ, ಅಂದರೆ ಗಾಳಿಯ ಕಡೆಗೆ ತಿರುಗಿಸಿಕೊಂಡು ಓರೆಯಾಗಿಯೇ ಇಳಿದು ಬರಬೇಕು. ಚಕ್ರ ನೆಲ ಮುಟ್ಟುವ ಹೊತ್ತಿಗೆ ಸರಿಯಾಗಿ ಎಡಗಾಲಿನ ಪೆಡಲ್ ಒತ್ತಿ ಮೂಗನ್ನು ನೇರ ಮಾಡಬೇಕು. ಬೇಗ ಒತ್ತಿದರೆ ಗಾಳಿ ವಿಮಾನವನ್ನು ಪಕ್ಕಕ್ಕೆ ತಳ್ಳುತ್ತದೆ. ತಡವಾದರೆ ಓರೆಯಾಗಿಯೇ ನೆಲಕ್ಕೆ ಬಡಿದು ಚಕ್ರದ ಕಂಬ ಮುರಿಯುತ್ತದೆ. ಎಡಗಾಳಿ ಬಂದರೆ ಇದೇ ಕೆಲಸ ಬಲಗಾಲಿಗೆ. ಬೇರೆ ಪೈಲಟ್‌ಗಳು ಗಾಳಿ ನೋಡಿ ವಾಪಸ್ಸು ಹೋಗುವ ದಿನಗಳಲ್ಲೂ ಭಾವ ಇಳಿಸಿ, ಟೋಪಿ ಸರಿಮಾಡಿಕೊಂಡು, ಏನೂ ಆಗದವರ ಹಾಗೆ ಮನೆಗೆ ಬಂದು ಊಟಕ್ಕೆ ಕೂರುತ್ತಿದ್ದರು.

ಹೀಗಿರುವಾಗ ವಿಮಾನ ತಯಾರಿಸುವ ಕಂಪನಿಯವರು ನಿಲ್ದಾಣದ ಹಳೆಯ ಗೋದಾಮಿನಲ್ಲಿ ಒಂದು ಪ್ರಯೋಗಶಾಲೆ ತೆರೆದರು. ಜೋರು ಗಾಳಿಯಲ್ಲಿ ವಿಮಾನವನ್ನು ತಾನೇ ಇಳಿಸುವ ಯಂತ್ರ ಮಾಡುವುದು ಅವರ ಗುರಿ. ಆ ಯಂತ್ರಕ್ಕೆ ಲೆಕ್ಕ ಬರೆದುಕೊಟ್ಟರೆ ಸಾಲದಂತೆ, ಅದು ಒಳ್ಳೆಯ ಪೈಲಟ್ಟಿನ ಕೈಕಾಲು ನೋಡಿ ನೋಡಿ ಕಲಿಯಬೇಕಂತೆ. ಯಾರ ಕೈಕಾಲು ಎಂದು ಊರಲ್ಲಿ ಕೇಳುವ ಅಗತ್ಯವೇ ಬೀಳಲಿಲ್ಲ. ಭಾವನಿಗೆ ಪ್ರಯಾಣಿಕರ ವಿಮಾನದಿಂದ ಬಿಡುವು ಕೊಟ್ಟು, ಪ್ರಯೋಗದ ಚಿಕ್ಕ ವಿಮಾನವೊಂದನ್ನು ವಹಿಸಿದರು. ಪೆಡಲ್‌ಗಳ ಕೆಳಗೂ ಹಿಡಿಕೆಯ ಒಳಗೂ ಒತ್ತಡ ಅಳೆಯುವ ಪುಟ್ಟ ಪುಟ್ಟ ಬಿಲ್ಲೆಗಳನ್ನು ಕೂರಿಸಿದರು. ಗಾಳಿ ಎದ್ದಾಗಲೆಲ್ಲ ಭಾವ ಮತ್ತು ಅವರ ಜೊತೆ ಪೈಲಟ್ ಹಾರುವುದು, ಇಳಿಯುವುದು, ಮತ್ತೆ ಹಾರುವುದು. ಗೋದಾಮಿನಲ್ಲಿ ಕನ್ನಡಕದ ಹುಡುಗಿಯೊಬ್ಬಳು, ಕಾಲೇಜು ಮುಗಿಸಿ ಬಂದ ಇಂಜಿನಿಯರ್, ಪ್ರತಿ ಇಳಿತವನ್ನೂ ಕಂಪ್ಯೂಟರಿಗೆ ಉಣಿಸುತ್ತಿದ್ದಳು. ಅವಳೇ ಭಾವನನ್ನು ಮೊದಲು ‘ಮೇಷ್ಟ್ರೇ’ ಎಂದದ್ದು. ಆಮೇಲೆ ಎಲ್ಲರಿಗೂ ಅವರು ಮೇಷ್ಟ್ರೇ ಆದರು.

ಆ ಹೆಸರು ಭಾವನ ತಲೆಗೇರಿತು. ದಿನಾ ಸಂಜೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ತಮ್ಮ ಶಿಷ್ಯನ ಪ್ರತಾಪ ಹೇಳುವರು.

“ವಕೀಲಮ್ಮ, ಇವತ್ತು ನನ್ನ ಥರಾನೇ ಇಳಿಸ್ತು ಕಣೇ. ಪರದೆ ಮೇಲೆ. ಪಕ್ಕಾ ನಾನೇ.”

“ಸ್ಕೂಟರ್ ನಿಲ್ಲಿಸೋದು ಕಲಿಸ್ಬೇಡಿ ಮತ್ತೆ.”

“ತಮಾಷೆ ಮಾಡು. ನಾಳೆ ನಾನು ಸತ್ರೂ, ಯಾವ್ಯಾವ ಊರಲ್ಲಿ ಗಾಳಿ ಎದ್ದರೂ ಇಳಿಸೋನು ನಾನೇ. ಗೊತ್ತಾ ನಿಂಗೆ?”

ಇದು ಅವರು ಬರೀ ಬಾಯಿ ಮಾತಿಗೆ ಹೇಳಿದ್ದಲ್ಲ. ಆಸ್ತಿಪಾಸ್ತಿ ಮೇಲೆ ಅವರಿಗೆ ಆಸೆ ಇರಲಿಲ್ಲ, ಹೆಸರಿನ ಮೇಲೂ ಅಷ್ಟಿಲ್ಲ. ತಮ್ಮ ಇಳಿಸುವ ರೀತಿ ಉಳಿಯಬೇಕು, ಅದಷ್ಟೇ. ಅದಕ್ಕಾಗಿ ಗಾಳಿಯಿದ್ದ ಒಂದು ದಿನವನ್ನೂ ಅವರು ಬಿಡಲಿಲ್ಲ, ಜ್ವರ ಬಂದಾಗಲೂ ಮಾತ್ರೆ ನುಂಗಿ ಹೋದರು.

ಆ ಅವಸರಕ್ಕೆ ಇನ್ನೊಂದು ಕಾರಣ ಇತ್ತೆಂದು ನನಗೆ ಗೊತ್ತಾದದ್ದು ಕರೆಂಟು ಹೋದ ಒಂದು ಮಧ್ಯಾಹ್ನ. ಅಂಗಡಿಯ ಮೂಲೆಯಲ್ಲಿ ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಮೆಷಿನ್ ಇದೆ. ಭಾವ ಬಂದವರೇ ಅದರ ಮುಂದೆ ಕೂತರು. ಎಡಗಾಲೊಂದನ್ನೇ ಹಲಗೆಯ ಮೇಲಿಟ್ಟು ತುಳಿಯತೊಡಗಿದರು. ಚಕ್ರ ಒಂದು ಸುತ್ತು ಬಂದು ಸೋತು ನಿಂತಿತು. ಬಲಗಾಲು ಇಟ್ಟರು, ಗಡಗಡನೆ ತಿರುಗಿತು. ಮತ್ತೆ ಎಡಗಾಲು. ತುಳಿಯಬೇಕೆಂದು ಅವರ ದವಡೆ ಬಿಗಿದಿತ್ತು, ಕತ್ತಿನ ನರ ಉಬ್ಬಿತ್ತು. ಪಾದ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಕೆಳಗೆ ಹೋಯಿತು.

“ಯಾವಾಗಿಂದ ಭಾವ?”

“ಈ ಕಾಲಲ್ಲಿ ಚಪ್ಪಲಿ ನಿಲ್ತಿಲ್ಲ ಅಂತ ನಿಮ್ಮಕ್ಕ ಬೈತಿದ್ಲಲ್ಲ, ಆಗಿಂದ. ಉಳುಕಿರ್ಬೇಕು ಅಂದ್ಕೊಂಡೆ.”

“ಡಾಕ್ಟರ್‌ಗೆ ತೋರಿಸಿದ್ರಾ?”

“ತೋರಿಸಿದ್ರೆ ಮೊದಲು ನನ್ನ ಲೈಸೆನ್ಸ್ ಕಿತ್ಕೋತಾರೆ.”

“ಕಿತ್ಕೊಳ್ಳಲಿ. ಪಕ್ಕದಲ್ಲಿ ಕೂತಿರ್ತಾನಲ್ಲ ಜೊತೆಗಾರ, ಅವನೇನು ಮನುಷ್ಯ ಅಲ್ವಾ?”

“ಅವನ ಕಾಲೂ ಪೆಡಲ್ ಮೇಲೇ ಇರುತ್ತೆ. ಏನಾದ್ರೂ ಆದ್ರೆ ಅವನು ಒತ್ತುತ್ತಾನೆ. ಈ ಗಾಳಿಗಾಲ ಒಂದು ಕಳೀಲಿ, ಯಂತ್ರಕ್ಕೆ ಪೂರ್ತಿ ಬಂದುಬಿಡುತ್ತೆ. ಆಮೇಲೆ ನಾನೇ ಬಿಡ್ತೀನಿ. ಅಲ್ಲೀತನಕ ನಿಮ್ಮಕ್ಕನಿಗೆ ಹೇಳ್ಬೇಡ.”

ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಬಟ್ಟೆಯನ್ನು ಎಸೆದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಬಗ್ಗಿ ಆ ಬಟ್ಟೆಯನ್ನು ಎತ್ತಿ, ಮಡಚಿ ಮೇಜಿನ ಮೇಲಿಟ್ಟರು. ಮಾತಿಗೆ ಮಾತು ಕೊಡದ ಭಾವನನ್ನು ನಾನು ನೋಡಿದ್ದೇ ಅವತ್ತು, ಅದಕ್ಕೇ ಹೆದರಿ ಅಕ್ಕನಿಗೆ ಹೇಳಲಿಲ್ಲ.

ಗಾಳಿಗಾಲ ಮುಗಿಯುತ್ತ ಬಂದಾಗ ಪ್ರಯೋಗಶಾಲೆಯವರು ಮನೆಯವರನ್ನೆಲ್ಲ ಕರೆದರು. ಗೋದಾಮಿನ ತಗಡಿನ ಚಾವಣಿಯ ಕೆಳಗೆ ಸಾಲಾಗಿ ಕುರ್ಚಿ, ಎದುರಿಗೆ ಗೋಡೆಯಗಲದ ಪರದೆ. ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿ ಮುಂದಿನ ಸಾಲಿನಲ್ಲಿ ಕೂತಳು. ಪ್ರಯೋಗಶಾಲೆ ನಡೆಸುವ ದೊಡ್ಡ ಇಂಜಿನಿಯರ್, ವಯಸ್ಸಿನಲ್ಲಿ ಇನ್ನೂ ಚಿಕ್ಕವರು, ಎದ್ದು ನಿಂತು ಪರದೆಯ ಮೇಲೆ ಎರಡು ಗೆರೆ ತೋರಿಸಿದರು. ಒಂದು ಬೇರೆ ಪೈಲಟ್‌ಗಳದು, ಇನ್ನೊಂದು ಮೇಷ್ಟ್ರದು.

“ಇಲ್ಲಿ ನೋಡಿ,” ಎಂದರು. “ಬಲಗಾಳಿ ಬಂದಾಗ ಬೇರೆಯವರು ಎಡ ಪೆಡಲನ್ನ ಎಷ್ಟು ಬೇಗ ಒತ್ತಿಬಿಡ್ತಾರೆ. ನಮ್ಮ ಮೇಷ್ಟ್ರು ಕಾಯ್ತಾರೆ. ಕೊನೇ ಗಳಿಗೇವರೆಗೂ ಕಾಯ್ತಾರೆ. ವಿಮಾನವನ್ನ ಪಕ್ಕಕ್ಕೆ ತಳ್ಳೋಕೆ ಗಾಳಿಗೆ ಸಮಯಾನೇ ಕೊಡಲ್ಲ. ಎಡಗಾಳಿಗೆ ಮಾತ್ರ ಹೀಗೆ ಕಾಯಲ್ಲ, ಯಾಕೆ ಅಂತ ನಾವು ತಿಂಗಳುಗಟ್ಟಲೆ ತಲೆ ಕೆಡಿಸ್ಕೊಂಡ್ವಿ. ಆಮೇಲೆ ಹೊಳೀತು. ಮುಂದಿನ ಪಂಕ ತಿರುಗೋ ರಭಸಕ್ಕೆ ವಿಮಾನದ ಮೂಗು ತಾನಾಗೇ ಒಂಚೂರು ಎಡಕ್ಕೆ ಎಳೆಯುತ್ತೆ. ಆ ಎಳೆತಾನೂ ಇವರು ಕೆಲಸಕ್ಕೆ ಹಚ್ಚಿದಾರೆ. ಯಾವ ಪುಸ್ತಕದಲ್ಲೂ ಇಲ್ಲದ ಕೈಚಳಕ ಇದು. ನಮ್ಮ ಯಂತ್ರ ಅದನ್ನ ಹಾಗೇ ಕಲ್ತಿದೆ.”

ಎಲ್ಲರೂ ಚಪ್ಪಾಳೆ ತಟ್ಟಿದರು, ಅಕ್ಕ ಎಲ್ಲರಿಗಿಂತ ಜೋರಾಗಿ. ನಾನು ಭಾವನ ಕಡೆ ತಿರುಗಿದೆ. ಹೊಗಳಿದರೆ ಒಪ್ಪಿಕೊಳ್ಳುವ ಮನುಷ್ಯ ತಲೆ ತಗ್ಗಿಸಿ ತಮ್ಮ ಎಡ ಬೂಟನ್ನು ನೋಡುತ್ತ ಕೂತಿದ್ದರು.

ಮಾರನೆಯ ದಿನ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂರಲಿಲ್ಲ.

“ನಾನು ಕಾಯ್ತಿರ್ಲಿಲ್ಲ ಕಣೇ,” ಎಂದರು. “ಒತ್ತು ಅಂತ ನಾನು ಸರಿಯಾದ ಹೊತ್ತಿಗೇ ಹೇಳ್ತಿದ್ದೆ. ಕಾಲು ಕೇಳ್ತಿರ್ಲಿಲ್ಲ.”

“ಗೊತ್ತಾಯ್ತು ನಂಗೆ.”

“ಅವರು ಅದನ್ನೇ ವಿದ್ಯೆ ಅಂದ್ಕೊಂಡಿದಾರೆ. ಯಂತ್ರಕ್ಕೆ ನನ್ನ ರೋಗ ಕಲ್ಸಿದೀನಿ.”

“ಹೇಳಿಬಿಡಿ ಭಾವ.”

“ಹೇಳಿದ್ರೆ ನಂದೆಲ್ಲ ಅಳಿಸ್ತಾರೆ. ನಂದೂಂತ ಏನೂ ಇರಲ್ಲ ಅದ್ರಲ್ಲಿ.” ಮೇಜಿನ ಮೇಲಿದ್ದ ಕತ್ತರಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. “ಮುಂದಿನ ವಾರ ನಿಜವಾದ ವಿಮಾನಕ್ಕೆ ಕೂರಿಸ್ತಾರಂತೆ. ಕನ್ನಡಕದ ಹುಡುಗೀನೂ ಒಳಗೆ ಕೂತು ನೋಡ್ತಾಳಂತೆ. ಮೇಷ್ಟ್ರ ಪಾಠ ಇರೋವಾಗ ನಂಗೇನು ಭಯ ಅಂತಾಳೆ ಆ ಹುಚ್ಚಿ.”

ಅವರಿಗೆ ನಾನು ಉಪದೇಶ ಮಾಡುವ ಅಗತ್ಯ ಇರಲಿಲ್ಲ, ನಿರ್ಧಾರ ಮಾಡಿಯೇ ಬಂದಿದ್ದರು. ಒಬ್ಬರೇ ಹೋಗಲು ಆಗದೆ ಬಂದಿದ್ದರು. ಮೊದಲು ಮನೆಗೆ ಹೋಗಿ ಅಕ್ಕನಿಗೆ ಹೇಳಿದೆವು. ಅಕ್ಕ ಅಳುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ಗಂಡನನ್ನೂ ನನ್ನನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿ, “ಇವಳಿಗೆ ಮೊದಲೇ ಗೊತ್ತಿತ್ತಾ?” ಎಂದು ಕೇಳಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ನಮಗಿಂತ ಮುಂದೆ ಬೀದಿಗಿಳಿದಳು.

ಪ್ರಯೋಗಶಾಲೆಯಲ್ಲಿ ದೊಡ್ಡ ಇಂಜಿನಿಯರ್ ಮೊದಲು ನಕ್ಕರು. ಮೇಷ್ಟ್ರು ವಿನಯಕ್ಕೆ ಹೀಗೆಲ್ಲ ಹೇಳಬಾರದು ಎಂದರು. ನಮ್ಮ ಭಾವನಿಗೆ ವಿನಯ. ಬೇರೆ ದಿನವಾಗಿದ್ದರೆ ನಾನೂ ಅಕ್ಕನೂ ಬಿದ್ದು ಬಿದ್ದು ನಗುತ್ತಿದ್ದೆವು. ಕೊನೆಗೆ ಭಾವ ತಾವೇ ಹೋಗಿ, ಪಾಠಕ್ಕೆಂದು ಅಲ್ಲಿಟ್ಟಿದ್ದ ಪೈಲಟ್ ಕುರ್ಚಿಯಲ್ಲಿ ಕೂತು ಎರಡೂ ಕಾಲನ್ನು ಪೆಡಲಿನ ಮೇಲಿಟ್ಟರು.

“ಒತ್ತು ಅನ್ನಮ್ಮ,” ಎಂದರು ಹುಡುಗಿಗೆ. “ನಿನಗೆ ಬೇಕಾದಾಗ ಅನ್ನು.”

ಅವಳು ಅಂದಳು. ಬಲಗಾಲಿಗೆ ಗೆರೆ ಆ ಕ್ಷಣಕ್ಕೇ ಮೇಲೆದ್ದಿತು. ಎಡಗಾಲಿಗೆ ಪರದೆಯ ಮೇಲೆ ಸಪಾಟು ಗೆರೆ ಓಡುತ್ತಲೇ ಇತ್ತು, ಓಡುತ್ತಲೇ ಇತ್ತು, ಆಮೇಲೆ ಎದ್ದಿತು. ಇನ್ನೊಮ್ಮೆ ಅಂದಳು. ಹಾಗೇ ಆಯಿತು. ಮೂರನೆಯ ಸಲ ಅನ್ನಲು ಅವಳಿಂದ ಆಗಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮುಖ ಮುಚ್ಚಿಕೊಂಡಳು.

ಚಪ್ಪಲಿ ಜಾರತೊಡಗಿದ ಮೇಲಿನ ಇಳಿತಗಳನ್ನು ಮಾತ್ರ ತೆಗೆದರೆ ಸಾಕೆಂದು ಭಾವ ನಂಬಿದ್ದರು. ಹುಡುಗಿ ಹಿಂದಕ್ಕೆ ಹಿಂದಕ್ಕೆ ಹುಡುಕುತ್ತ ಹೋದಳು. ತಡ ಅಲ್ಲೂ ಇತ್ತು. ಇನ್ನೂ ಹಿಂದೆ ಹೋದಳು, ಅಲ್ಲೂ ಕೂದಲೆಳೆಯಷ್ಟು ಇತ್ತು. ಪಾಠ ಶುರುವಾದ ಮೊದಲ ದಿನದ ಮೊದಲ ಇಳಿತದಲ್ಲೇ ಕಾಯಿಲೆ ಇವರ ಕಾಲಲ್ಲಿ ಕೂತಿತ್ತು, ಇವರಿಗೇ ತಿಳಿದಿರಲಿಲ್ಲ. ಅದಕ್ಕೂ ಮುಂಚಿನ, ಕಾಲು ಗಟ್ಟಿ ಇದ್ದ ದಿನಗಳ ಇಳಿತಗಳನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಆಗ ಆ ಬಿಲ್ಲೆಗಳೇ ಇರಲಿಲ್ಲ.

“ಎಡಗಾಳೀದಾದ್ರೂ ಇಟ್ಕೊಳ್ಳಿ,” ಎಂದರು ಭಾವ. “ಅದು ಬಲಗಾಲಿನ ಕೆಲಸ. ಬಲಗಾಲು ಚೆನ್ನಾಗಿದೆ, ಈಗ ನೋಡಿದ್ರಲ್ಲ. ಬೇಕಾದ್ರೆ ಇನ್ನೊಂದ್ಸಲ ಒತ್ತಿ ತೋರಿಸ್ತೀನಿ.”

ದೊಡ್ಡ ಇಂಜಿನಿಯರ್ ಅವರ ಪಕ್ಕದಲ್ಲಿ ಮಂಡಿಯೂರಿ ಕೂತರು. “ಮೇಷ್ಟ್ರೇ, ಒಂದು ಕಾಲು ಒತ್ತೋವಾಗ ಇನ್ನೊಂದು ಬಿಟ್ಟುಕೊಡ್ಬೇಕು. ಆ ಬಿಡೋದ್ರಲ್ಲೂ ತಡ ಇದ್ಯೋ ಏನೋ, ನಾವು ಹೇಗೆ ಹೇಳೋದು? ಜನ ಕೂರೋ ವಿಮಾನಕ್ಕೆ ಅನುಮಾನ ಇರೋದನ್ನ ಕಲಿಸೋಕಾಗಲ್ಲ.”

“ಒಂದೊಂದೇ ನೋಡಿ ಆರಿಸಿ. ನಾನೂ ಕೂತು ಆರಿಸ್ತೀನಿ. ಎಷ್ಟು ಹೊತ್ತಾದ್ರೂ ಸರಿ.”

“ಆಗಲ್ಲ ಮೇಷ್ಟ್ರೇ. ದಯವಿಟ್ಟು.”

ಇಂಜಿನಿಯರ್ ಹೇಳಿದ್ದು ಸರಿ. ಸರಿಯಾದ ಮಾತು ಹೇಳಿದವರ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. ನಮ್ಮ ಭಾವ ಯಾರ ಮುಂದೆಯೂ ಕೈಯೊಡ್ಡಿದವರಲ್ಲ. ಆ ಕುರ್ಚಿಯಲ್ಲಿ ಕೂತು, ಮಗನ ವಯಸ್ಸಿನ ಮನುಷ್ಯನ ಅಂಗಿಯ ತೋಳು ಹಿಡಿದು ಕೇಳುತ್ತಿದ್ದರು. ಅಕ್ಕ ಹೋಗಿ ಮೆಲ್ಲಗೆ ಅವರ ಕೈ ಬಿಡಿಸಿದಳು.

ಅಳಿಸುವುದೇನು ದೊಡ್ಡ ಕೆಲಸವಲ್ಲ. ಹುಡುಗಿ ಕೀಲಿಮಣೆಯ ಮೇಲೆ ಏನೋ ಒತ್ತಿದಳು, ಪರದೆಯ ಮೇಲೆ ಒಂದು ಪಟ್ಟಿ ತುಂಬುತ್ತ ಹೋಗಿ ಖಾಲಿಯಾಯಿತು. ಮನೆಗೆ ಹೋಗಿ ಎಂದರೂ ಭಾವ ಹೋಗಲಿಲ್ಲ, ಕೊನೆಯವರೆಗೂ ನಿಂತು ನೋಡಿದರು.

ಆಸ್ಪತ್ರೆಯಲ್ಲಿ ಕಾಯಿಲೆಗೆ ಉದ್ದನೆಯ ಹೆಸರು ಹೇಳಿದರು. ನರಗಳು ಒಂದೊಂದಾಗಿ ಕೆಲಸ ಬಿಡುತ್ತವೆ, ಔಷಧ ಇಲ್ಲ ಎಂದರು. ಎಡಗಾಲಿನಿಂದ ಬಲಗಾಲಿಗೆ ಬಂತು, ಅಲ್ಲಿಂದ ಕೈಗೆ. ಸ್ಕೂಟರ್ ಮಾರಿ ಗಾಲಿ ಕುರ್ಚಿ ತಂದೆವು. ನಾನು ಅವರ ಅಂಗಿಗಳ ಗುಂಡಿ ಬಿಚ್ಚಿ, ಒತ್ತಿದರೆ ಅಂಟುವ ಪಟ್ಟಿ ಹೊಲಿದುಕೊಟ್ಟೆ. ಅತ್ತ ಪ್ರಯೋಗಶಾಲೆಯವರು ಮೊದಲಿನಿಂದ ಶುರು ಮಾಡಿದರು. ಈಗ ಯಂತ್ರಕ್ಕೆ ಪಾಠ ಹೇಳುವವನು ಜೊತೆ ಪೈಲಟ್. ಅವನು ಆಗಾಗ ಮನೆಗೆ ಬಂದು, ಯಾವ ಗಾಳಿಗೆ ಏನು ಮಾಡಬೇಕೆಂದು ಭಾವನನ್ನು ಕೇಳುತ್ತಿದ್ದ. ಭಾವ ಗೊತ್ತಿದ್ದದ್ದನ್ನೆಲ್ಲ ಹೇಳುತ್ತಿದ್ದರು. ಅವನು ಹೋದ ಮೇಲೆ ಮಾತ್ರ ಅವತ್ತಿಡೀ ಊಟ ಸೇರುತ್ತಿರಲಿಲ್ಲ.

ಯಂತ್ರ ಕಲಿಯಿತು. ಬಲಗಾಳಿ ಜೋರಾಗಿ ಬೀಸುತ್ತಿದ್ದ ಒಂದು ಬೆಳಿಗ್ಗೆ, ಮೊದಲ ಸಲ ಪ್ರಯಾಣಿಕರನ್ನು ಕೂರಿಸಿಕೊಂಡು ಇಳಿಯುವುದೆಂದು ಗೊತ್ತಾಯಿತು. ಹುಡುಗಿ ಖುದ್ದಾಗಿ ಬಂದು ಭಾವನನ್ನು ಕರೆದಳು. ಅಕ್ಕನೂ ನಾನೂ ಅವರನ್ನು ರನ್‌ವೇ ಬೇಲಿಯ ಹತ್ತಿರ ಕರೆದೊಯ್ದೆವು. ಬೆಂಕಿ ಗಾಡಿ ಚಾಲೂ ಆಗಿ ನಿಂತಿತ್ತು. ಮೋಡದೊಳಗಿಂದ ವಿಮಾನ ಮೂಗನ್ನು ಗಾಳಿಗೆ ತಿರುಗಿಸಿಕೊಂಡು ಓರೆಯಾಗಿ ಬಂತು. ಭಾವ ಅದರ ಮೂಗನ್ನೇ ನೋಡುತ್ತಿದ್ದರು. ನೆಲ ಹತ್ತಿರವಾದಾಗ ಮೂಗು ನೇರವಾಯಿತು, ರೆಕ್ಕೆ ಒಂದಿಷ್ಟು ವಾಲಿತು, ಚಕ್ರ ನೆಲ ಮುಟ್ಟಿತು. ಸುತ್ತ ನಿಂತವರೆಲ್ಲ ಕೇಕೆ ಹಾಕಿದರು. ಹುಡುಗಿ ಓಡಿ ಬಂದು ಕುರ್ಚಿಯ ಮುಂದೆ ಕೂತಳು.

“ಹೇಗಿತ್ತು ಮೇಷ್ಟ್ರೇ?”

“ಚೆನ್ನಾಗಿತ್ತಮ್ಮ.” ಆಗ ಅವರ ಮಾತು ತೊದಲುತ್ತಿತ್ತು.

“ನಿಮ್ಮ ಥರಾನೇ ಇತ್ತಲ್ವಾ?”

ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ಭಾವ ಅವಳ ಮುಖ ನೋಡಿ ಹೌದೆಂದು ತಲೆಯಾಡಿಸಿದರು. ಅವಳು ಸಂತೋಷದಿಂದ ವಿಮಾನದ ಕಡೆ ಓಡಿದಳು.

ಮನೆಗೆ ಬರುವ ದಾರಿಯಲ್ಲಿ ಅಕ್ಕ ಕುರ್ಚಿ ತಳ್ಳುತ್ತಿದ್ದಳು, ನಾನು ಪಕ್ಕದಲ್ಲಿ ನಡೆಯುತ್ತಿದ್ದೆ.

“ಅದು ಜೊತೆಗಾರನ ರೀತಿ,” ಎಂದರು ಭಾವ. “ಕಾಲು ಗಟ್ಟಿ ಇದ್ದ ನಾನಾಗಿದ್ರೆ ಇನ್ನೊಂಚೂರು ತಡೀತಿದ್ದೆ. ಬೇಕಂತಲೇ.”

“ಜನ ಕ್ಷೇಮವಾಗಿ ಇಳಿದ್ರಲ್ಲ. ಅಷ್ಟು ಸಾಕು ಬಿಡಿ,” ಎಂದಳು ಅಕ್ಕ.

“ಸಾಕು,” ಎಂದರು. ಬೀದಿಯ ತಿರುವಿನಲ್ಲಿ ನನ್ನ ಕಡೆ ತಿರುಗಿದರು. “ನನ್ನ ಇಳಿತ ಒಂದಾದ್ರೂ ಇಟ್ಕೋಬಹುದಿತ್ತು ವಕೀಲಮ್ಮ. ಒಂದೇ ಒಂದು. ವಿಮಾನಕ್ಕೆ ಹಾಕೋದು ಬೇಡ. ಸುಮ್ನೆ, ಎಲ್ಲೋ ಒಂದು ಮೂಲೇಲಿ.”

ಅಕ್ಕ ಕುರ್ಚಿ ನಿಲ್ಲಿಸಿದಳು. ಭಾವನ ಕಣ್ಣೀರು ಗಲ್ಲದವರೆಗೆ ಇಳಿದಿತ್ತು. ಒರೆಸಿಕೊಳ್ಳಲು ಅವರ ಕೈ ಏಳುತ್ತಿರಲಿಲ್ಲ, ನಾನೇ ಒರೆಸಿದೆ.